ಜಾಣ ಕಿವುಡು

೬ ಫೆಬ್ರವರಿ

ಮಗಳೇ,

ಉಭಯ ಕುಶಲೋಪರಿ ಎಂದು ಶುರು ಮಾಡೋಣವೆಂದರೆ ಉಭಯರಲ್ಲಿ ಒಬ್ಬನ ಕಿವಿ ಕೆಟ್ಟು ಕೂತಿದೆ. ಹಾಗಾಗಿ ಸದ್ಯಕ್ಕೆ ಅರ್ಧ ಕುಶಲ ಎಂದು ತಿಳಿದುಕೋ.

ಮೊನ್ನೆ ನೀನು ಫೋನ್ ಮಾಡಿದ್ದೆಯಂತೆ. ನನ್ನ ತಂಗಿ, ಅಂದರೆ ನಿನ್ನ ಸೋದರತ್ತೆ, ಫೋನನ್ನು ತಂದು ನನ್ನ ಕಿವಿಗೆ ಒತ್ತಿದಳು. ನೀನು "ಊಟ ಆಯ್ತಾ?" ಎಂದೆಯಂತೆ, ನಾನು "ಯಾರ ಆಟ?" ಎಂದೆನಂತೆ. ಆಮೇಲೆ ನೀನು ಏನು ಕೇಳಿದರೂ "ಹೂಂ, ಎಲ್ಲಾ ಚೆನ್ನಾಗಿದೆ" ಎನ್ನುತ್ತಾ ಹೋದೆನಂತೆ. ಕೊನೆಗೆ ನೀನು "ಅಪ್ಪಾ, ಕೇಳಿಸ್ತಿದ್ಯಾ?" ಎಂದು ಕಿರುಚಿದ್ದಕ್ಕೂ ಅದೇ ಉತ್ತರ ಕೊಟ್ಟೆನಂತೆ. ಆದ್ದರಿಂದ ಪತ್ರವೇ ವಾಸಿ. ಕಣ್ಣು ಇನ್ನೂ ನಂಬಿಗಸ್ತವಾಗಿದೆ.

ನಾನು ಇವಳ ಮನೆಗೆ ಬಂದದ್ದೇ ಈ ಊರಿನ ದೊಡ್ಡಾಸ್ಪತ್ರೆಗಾಗಿಯಲ್ಲವೇ, ಅಲ್ಲಿಗೂ ಹೋಗಿ ಬಂದೆವು. ಕಿವಿಯ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಒಳ್ಳೆಯವಳು. ನನ್ನ ಜೊತೆ ಮಾತಾಡಿ ಪ್ರಯೋಜನವಿಲ್ಲವೆಂದು ಗೊತ್ತಾದ ಕೂಡಲೇ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಮೂವತ್ತು ವರ್ಷ ಬಸ್ಸಿನ ಎಂಜಿನ್ ಪಕ್ಕದಲ್ಲಿದ್ದ ನನ್ನ ಎಡಗಿವಿಯೊಳಗೆ ತಮಟೆ ಹರಿದಿದೆಯಂತೆ. ಕೀವು ಸೇರಿ ಪುಟ್ಟ ಪುಟ್ಟ ಮೂಳೆಗಳನ್ನು ತಿನ್ನುತ್ತಿದೆಯಂತೆ. ಎಂಜಿನ್ ಗದ್ದಲದಿಂದ ಮಂದವಾದದ್ದು ಹೋಯಿತೆಂದೇ ಲೆಕ್ಕ, ಕೀವಿನಿಂದ ಕೆಟ್ಟದ್ದನ್ನು ಮಾತ್ರ ಕೊಯ್ದು ಸರಿ ಮಾಡಬಹುದು. ಬಲಗಿವಿಯ ಕಥೆ ನಿನಗೇ ಗೊತ್ತು, ಅದು ನನ್ನ ಜೊತೆಗೇ ರಿಟೈರ್ ಆಯಿತು. "ಆಪರೇಷನ್ ಆದರೆ ಈ ಕಿವಿ ಉಳಿಯುತ್ತದೆ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಮಾರ್ಚ್‌ನಲ್ಲಿ ದಿನ ಕೊಟ್ಟಿದ್ದಾಳೆ. ರಿಟೈರ್ ಆದವರಿಗೆ ನಮ್ಮ ಬಸ್ ಸಂಸ್ಥೆ ಕೊಟ್ಟಿರುವ ಆಸ್ಪತ್ರೆ ಕಾರ್ಡ್ ತೋರಿಸಿದರೆ ಸಾಕಂತೆ, ಬೇರೇನೂ ಬೇಡವಂತೆ.

ನಿನ್ನ ಅತ್ತೆಯ ಬಾಯಿ ದಿನವಿಡೀ ಆಡುತ್ತಲೇ ಇರುತ್ತದೆ. ಬೈಯುತ್ತಿದ್ದಾಳೆಂದು ಮುಖ ನೋಡಿದರೆ ತಿಳಿಯುತ್ತದೆ, ಏನೆಂದು ಬೈಯುತ್ತಿದ್ದಾಳೆಂದು ತಿಳಿಯುವುದಿಲ್ಲ. ಕಿವುಡನಾಗುವುದರಲ್ಲಿ ಇಷ್ಟು ಸುಖವಿದೆಯೆಂದು ಯಾರೂ ಹೇಳಿರಲಿಲ್ಲ.

ನೀನು ಕಂಡಕ್ಟರ್ ಆಗಿರುವ ಬಸ್ಸಿನ ಡ್ರೈವರ್, ನಮ್ಮ ಹಾರನ್, ಹೇಗಿದ್ದಾನೆ? ಖಾಲಿ ರಸ್ತೆಯಲ್ಲೂ ಹಾರನ್ ಒತ್ತುವ ಚಟ ಹೋಯಿತಾ? ನಾನೇ ಡ್ರೈವಿಂಗ್ ಕಲಿಸಿದ ಹುಡುಗ, ಅದೊಂದನ್ನು ಮಾತ್ರ ತಿದ್ದಲಾಗಲಿಲ್ಲ. ನನ್ನ ಕೋಣೆಯ ಕಿಟಕಿ ಆಗಾಗ ತೆಗೆದಿಡು, ಗಾಳಿಯಾಡಲಿ. ಪುಟ್ಟಿಗೆ ಮುತ್ತು, ಅಳಿಯನಿಗೆ ಆಶೀರ್ವಾದ.

ನಿನ್ನ ಅಪ್ಪ


೨೪ ಫೆಬ್ರವರಿ

ಅಪ್ಪಾ,

ನಾವು ಮೂವರೂ ಚೆನ್ನಾಗಿದ್ದೇವೆ. ಹಾರನ್ ಅಣ್ಣನ ಚಟ ಹಾಗೇ ಇದೆ, ಮೊನ್ನೆ ಡಿಪೋದ ಗೋಡೆಗೇ ಹಾರನ್ ಹೊಡೆದರು.

ಒಂದು ಸುದ್ದಿ ಇದೆ, ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು. ಸೋಮವಾರ ನೋಟಿಸ್ ಬೋರ್ಡಿಗೆ ಒಂದು ಆದೇಶ ಅಂಟಿಸಿದರು. ಹಾರನ್ ಅಣ್ಣ ಎತ್ತರದ ಆಳಲ್ಲವೇ, ಎಲ್ಲರ ತಲೆ ಮೇಲಿಂದ ಬಗ್ಗಿ ಜೋರಾಗಿ ಓದಿದರು. ಏಪ್ರಿಲ್‌ನಿಂದ ಸಂಬಳದಲ್ಲಿ ಹತ್ತರಲ್ಲಿ ಒಂದು ಪಾಲು ಕಡಿತ. ಹೆಚ್ಚು ಹೊತ್ತಿನ ಕೆಲಸಕ್ಕೆ ಕೊಡುತ್ತಿದ್ದದ್ದು ಇಲ್ಲ. ಯೂನಿಫಾರ್ಮು, ಬೂಟು, ಊದುವ ಸೀಟಿ ಇನ್ನು ನಮ್ಮ ನಮ್ಮ ಖರ್ಚು. ಓದುತ್ತಾ ಓದುತ್ತಾ ಅವರ ದನಿ ಇಳಿಯಿತು. ಹಾರನ್ ಅಣ್ಣನ ದನಿ ಇಳಿದದ್ದನ್ನು ನಾನು ಅದೇ ಮೊದಲು ಕಂಡದ್ದು.

ಬಸ್ಸು ತೊಳೆಯುವ ಅಕ್ಕ ಪೊರಕೆ ಹಿಡಿದು ಹಿಂದೆ ನಿಂತಿದ್ದಳು. "ನಂಗೆ ಏನು ಕಡಿತಾರಂತೆ? ನನ್ನ ಹತ್ರ ಕಡಿಯೋಕೆ ಪೊರಕೆ ಕಡ್ಡಿ ಬಿಟ್ರೆ ಏನೂ ಇಲ್ಲ" ಎಂದಳು. ಎಲ್ಲರೂ ನಕ್ಕರು, ಆಮೇಲೆ ಯಾರಿಗೂ ನಗು ಬರಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಹೊರಗೆ ಬಂದು, "ಕಷ್ಟಕಾಲ ಕಣ್ರಪ್ಪಾ. ಎಲ್ಲರೂ ಸ್ವಲ್ಪ ಹೊಟ್ಟೆ ಕಟ್ಟಬೇಕು" ಎಂದು ಹೇಳಿ ಒಳಗೆ ಹೋದರು.

ಕಾರ್ಡಿನ ಬಗ್ಗೆಯೂ ಬರೆದಿದ್ದಾರೆ, ಅಪ್ಪಾ. ರಿಟೈರ್ ಆದವರಿಗೂ, ಕೆಲಸದಲ್ಲಿರುವವರ ತಂದೆ ತಾಯಿಗೂ ಈಗಿನಿಂದಲೇ ಆಸ್ಪತ್ರೆ ಕಾರ್ಡ್ ಇಲ್ಲವಂತೆ. ನಿಮಗೆ ಮೊದಲೇ ದಿನ ಗೊತ್ತಾಗಿದೆಯಲ್ಲ, ನಿಮಗೆ ಇದು ತಗಲುವುದಿಲ್ಲ ಎಂದುಕೊಂಡಿದ್ದೇನೆ. ಆದರೂ ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ ಬರೆಯಿರಿ.

ನಿಮ್ಮ ಮಗಳು


೮ ಮಾರ್ಚ್

ಮಗಳೇ,

ಕೇಳಿದೆ. ಆಪರೇಷನ್ ಸ್ವಲ್ಪ ಮುಂದಕ್ಕೆ ಹೋಗಿದೆ, ಅಷ್ಟೇ. ಅವಸರವೇನೂ ಇಲ್ಲ ಎಂದು ಡಾಕ್ಟರಮ್ಮನೇ ಹೇಳಿದಳು. ಇಷ್ಟು ವರ್ಷ ಕಾದ ಕಿವಿ, ಇನ್ನಷ್ಟು ದಿನ ಕಾಯುತ್ತದೆ ಬಿಡು.

ನೀನು ಮಾತ್ರ ಆ ಗಲಾಟೆಯಲ್ಲಿ ಮುಂದೆ ನಿಲ್ಲಬೇಡ. ಬಂಡೆಗೆ ತಲೆ ಚಚ್ಚಿಕೊಂಡರೆ ಒಡೆಯುವುದು ತಲೆಯೇ. ಅಳಿಯನ ಮರಗೆಲಸ ಒಂದು ದಿನ ಇದ್ದರೆ ಒಂದು ದಿನ ಇರುವುದಿಲ್ಲ, ಮನೆ ನಡೆಯುವುದು ನಿನ್ನ ಸಂಬಳದಿಂದ. ನಿನ್ನ ಅಮ್ಮ ಇದ್ದಿದ್ದರೆ ಇದನ್ನೇ ಇನ್ನೂ ಖಾರವಾಗಿ ಹೇಳುತ್ತಿದ್ದಳು. ಕೊಟ್ಟಷ್ಟು ತೆಗೆದುಕೊಂಡು, ತಲೆ ತಗ್ಗಿಸಿಕೊಂಡು ಇರು.

ಇಲ್ಲಿ ಊಟ, ನಿದ್ದೆ ಎಲ್ಲ ಸರಿಯಾಗಿದೆ.

ನಿನ್ನ ಅಪ್ಪ

ಇದರ ಕೆಳಗೆ ಬರೆಯುತ್ತಿರುವವಳು ನಿನ್ನ ಅತ್ತೆ. ಪತ್ರವನ್ನು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾನೆ. ಅಣ್ಣ ಬರೆದಿರುವುದು ಹಸಿ ಸುಳ್ಳು. ಕೌಂಟರಿನವನು ಕಾರ್ಡ್ ನೋಡಿ "ಇದು ಇನ್ಮೇಲೆ ನಡೆಯಲ್ಲ ತಾತ" ಎಂದು ವಾಪಸು ಕೊಟ್ಟ. ಅಣ್ಣನಿಗೆ ಕೇಳಿಸಲಿಲ್ಲ. ನಗುತ್ತಾ "ಒಳ್ಳೇದಾಗ್ಲಿ ಕಣಪ್ಪ" ಎಂದ. ನಾನು ಅದನ್ನು ಬರೆದು ತೋರಿಸಬೇಕಾಯಿತು. ಆ ಕೆಲಸ ನನ್ನ ಶತ್ರುವಿಗೂ ಬೇಡ. ಡಾಕ್ಟರಮ್ಮ ಹೇಳಿದ್ದು ಇಷ್ಟು: ಬೇಸಿಗೆ ಮುಗಿಯುವುದರೊಳಗೆ ಆಪರೇಷನ್ ಆಗದಿದ್ದರೆ ಈ ಕಿವಿಯೂ ಪೂರ್ತಿ ಹೋಗುತ್ತದೆ, ಆಮೇಲೆ ಏನು ಮಾಡಿದರೂ ಬರುವುದಿಲ್ಲ. ನಾನು ಬರೆದೆನೆಂದು ಅವನಿಗೆ ತಿಳಿಯಬಾರದು, ಮುನಿಸಿಕೊಂಡು ಊಟ ಬಿಡುತ್ತಾನೆ.


೧೪ ಮಾರ್ಚ್

ಅಪ್ಪಾ,

ಅವಸರವಿಲ್ಲ ಎಂದು ಬರೆದಿದ್ದೀರಿ. ನನಗೆ ಯಾರೂ ಏನೂ ಹೇಳಿಲ್ಲ, ಅತ್ತೆಯಂತೂ ಹೇಳಿಯೇ ಇಲ್ಲ. ಆದರೆ ಟಿಕೆಟ್ ತೆಗೆದುಕೊಳ್ಳದೆ ಕೂತವರನ್ನು ಮುಖ ನೋಡಿಯೇ ಹಿಡಿಯುವವಳು ನಾನು. ಅಕ್ಷರ ನೋಡಿ ಹಿಡಿಯಲಾರೆನಾ? ಸುಳ್ಳು ಹೇಳುವುದು ನಿಮಗೆ ಒಗ್ಗುವ ಕೆಲಸವಲ್ಲ, ಬಿಟ್ಟುಬಿಡಿ.

ನನಗೆ ಸಿಟ್ಟು ಬಂದಿದೆ ಅಪ್ಪಾ. ನಿಮ್ಮ ಮೇಲಲ್ಲ. ಮೂವತ್ತು ವರ್ಷ ಊರಿನವರನ್ನೆಲ್ಲ ಅವರವರ ಮನೆಬಾಗಿಲಿಗೆ ಬಿಟ್ಟವರನ್ನು ಆಸ್ಪತ್ರೆಯ ಬಾಗಿಲಿಂದ ವಾಪಸು ಕಳಿಸಿದರಲ್ಲ, ಅದಕ್ಕೆ. ಹಾರನ್ ಅಣ್ಣನ ತಾಯಿಯ ಔಷಧಿಯೂ ಅದೇ ಕಾರ್ಡಿನಿಂದ ಬರುತ್ತಿತ್ತು. ಅವರು ಈಗ ರಸ್ತೆಯಲ್ಲಿ ಹಾರನ್ ಒತ್ತುವುದನ್ನೇ ಮರೆಯುತ್ತಿದ್ದಾರೆ, ನನಗೆ ಭಯವಾಗುತ್ತದೆ.

ಮೂರು ಸಲ ಮನವಿ ಕೊಟ್ಟೆವು. ಮೊದಲ ಸಲ ಮ್ಯಾನೇಜರ್ "ಮೇಲಕ್ಕೆ ಕಳಿಸ್ತೀನಿ" ಎಂದರು. ಎರಡನೆಯ ಸಲ "ಮೇಲಿಂದ ಬಂದಿಲ್ಲ" ಎಂದರು. ಮೂರನೆಯ ಸಲ ನಮ್ಮನ್ನು ನೋಡಿದ ಕೂಡಲೇ ಫೋನನ್ನು ಕಿವಿಗಿಟ್ಟುಕೊಂಡು ಹೂಂ ಹೂಂ ಎನ್ನತೊಡಗಿದರು. ಫೋನನ್ನು ತಲೆಕೆಳಗಾಗಿ ಹಿಡಿದಿದ್ದರು. ನಿಮ್ಮದು ನಿಜವಾದ ಕಿವುಡು, ಇವರದು ಜಾಣ ಕಿವುಡು. ನಿಮ್ಮದಕ್ಕಾದರೆ ಆಪರೇಷನ್ ಇದೆ, ಇವರದಕ್ಕೆ ಯಾವ ಡಾಕ್ಟರು?

ಮುಷ್ಕರ ಮಾಡುವ ಹಾಗಿಲ್ಲ. ಕೆಲಸಕ್ಕೆ ಬಾರದವರನ್ನು ಮನೆಗೆ ಕಳಿಸುತ್ತೇವೆಂದು ಮೊದಲೇ ಹೇಳಿದ್ದಾರೆ. ಈ ತಿಂಗಳ ಕೊನೆಗೆ, ತೊಟ್ಟ ಬಟ್ಟೆ ಬಿಟ್ಟು, ಸಂಸ್ಥೆಯ ವಸ್ತುಗಳನ್ನೆಲ್ಲ ಸ್ಟೋರಿಗೆ ಒಪ್ಪಿಸಬೇಕಂತೆ, ಕುತ್ತಿಗೆಯ ಸೀಟಿ ಕೂಡ! "ಬೇಕಾದವರು ಸ್ವಂತ ಖರ್ಚಿನಲ್ಲಿ ಕೊಳ್ಳಬಹುದು" ಎಂದಿದ್ದಾರೆ. ಬೆರಳುದ್ದದ ಸೀಟಿಯಿಂದ ಇವರ ಖಜಾನೆ ತುಂಬುತ್ತದಾ?

ಮನೆಯಲ್ಲಿ ಎಲ್ಲ ಸರಿಯಾಗಿದೆ. ಪುಟ್ಟಿಯನ್ನು ಶಾಲೆಯ ವ್ಯಾನಿನಿಂದ ಬಿಡಿಸಿದೆವು, ಬೆಳಗ್ಗೆ ನನ್ನ ಜೊತೆ ಮೊದಲ ಟ್ರಿಪ್ಪಿನಲ್ಲೇ ಬರುತ್ತಾಳೆ. ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆದು ಶಾಲೆಯ ಸ್ಟಾಪ್ ಬಂದಾಗ ತಾನೇ ಏಳುತ್ತಾಳೆ. ಅವಳೂ ಒಂದು ಸಾಲು ಬರೆಯಬೇಕಂತೆ.

ನಿಮ್ಮ ಮಗಳು

ತಾತ ನೀನು ಬೇಗ ಬಾ. ನಿನ್ನ ಕೋಣೇಲಿ ಈಗ ಬೇರೆ ಅಂಕಲ್ ಬಾಡಿಗೆಗೆ ಇದ್ದಾರೆ. ಇದನ್ನ ಹೇಳ್ಬಾರ್ದು ಅಂತ ಅಮ್ಮ ಹೇಳಿದ್ದಾಳೆ. ನೀನು ಬಂದ್ರೆ ನನ್ನ ಜೊತೆ ಮಲಗು.


೨೦ ಮಾರ್ಚ್

ಮಗಳೇ,

ಪುಟ್ಟಿಯ ಅಕ್ಷರ ಗುಂಡಾಗಿದೆ. ನಡುಮನೆಯಲ್ಲೇ ಗಾಳಿ ಚೆನ್ನಾಗಿ ಬರುತ್ತದೆ, ನನಗೆ ಯಾವತ್ತೂ ಅಲ್ಲೇ ಇಷ್ಟ.

ಈಗ ನಾನು ಹೇಳುವುದನ್ನು ಎರಡು ಸಲ ಓದು. ಸೀಟಿ ವಾಪಸು ಕೊಡಿ ಎಂದರಾ? ಬೇಕಾದವರು ಕೊಳ್ಳಬಹುದು ಎಂದರಾ? ಹಾಗೆಯೇ ಎಂದಿದ್ದರೆ ಅವರ ಬಾಯಿಗೆ ಸಕ್ಕರೆ ಹಾಕು.

ನಾನು ಕೆಲಸಕ್ಕೆ ಸೇರಿದಾಗ ಸೀಟಿ ಇರಲಿಲ್ಲ. ಕಂಡಕ್ಟರ್ ಬಸ್ಸಿನ ಪಕ್ಕಕ್ಕೆ ಬಡಿದು "ರೈಟ್" ಎಂದರೆ ಹೊರಡುವುದು, "ಹೋಲ್ಡಾನ್" ಎಂದರೆ ನಿಲ್ಲುವುದು. ವರ್ಷ ಕಳೆದಂತೆ ಡ್ರೈವರುಗಳ ಕಿವಿ ಒಂದೊಂದಾಗಿ ಕೈಕೊಟ್ಟವು. ಒಮ್ಮೆ ಒಬ್ಬರಿಗೆ "ಹೋಲ್ಡಾನ್" ಕೇಳಿಸದೆ ಬಸ್ಸು ಬಿಟ್ಟುಬಿಟ್ಟರು. ಇಳಿಯುತ್ತಿದ್ದ ಟೀಚರಮ್ಮ ಬಿದ್ದು ಕೈ ಮುರಿದುಕೊಂಡರು. ಊರೆಲ್ಲ ದೊಡ್ಡ ಗದ್ದಲವಾಯಿತು. ಆಗ ಸಂಸ್ಥೆಯವರೇ ಒಂದು ರೂಲು ತಂದರು: ಎಂಜಿನ್ ಶಬ್ದದಿಂದ ಡ್ರೈವರುಗಳ ಕಿವಿ ಮಂದವಾಗುವುದರಿಂದ, ಸೀಟಿ ಊದದೆ ಯಾವ ಬಸ್ಸೂ ಯಾವ ಸ್ಟಾಪಿನಿಂದಲೂ ಚಲಿಸಕೂಡದು. ಬಾಯಲ್ಲಿ "ರೈಟ್" ಹೇಳಿದರೆ ಶಿಕ್ಷೆ. ನಿನಗೂ ಸೇರಿದ ಹೊಸದರಲ್ಲಿ ಅದಕ್ಕೇ ಒಂದು ಮೆಮೊ ಬಂದಿತ್ತಲ್ಲ, ಮನೆಗೆ ಬಂದು ಅತ್ತಿದ್ದೆ. ಆ ರೂಲು ಇವತ್ತೂ ಇದೆ.

ಆದ್ದರಿಂದ ಸೀಟಿಯನ್ನು ನಗುನಗುತ್ತಾ ಕೊಟ್ಟುಬಿಡಿ. ಒಬ್ಬರೂ ಹೊಸದನ್ನು ಕೊಳ್ಳಬೇಡಿ. ಮಾರನೆಯ ದಿನ ಎಲ್ಲರೂ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಹೋಗಿ. ಆಮೇಲೆ ರೂಲು ಬಿಟ್ಟು ಒಂದು ಗೇಣೂ ಅಲ್ಲಾಡಬೇಡಿ.

ಮುಂದೆ ನಿಲ್ಲಬೇಡ ಎಂದಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ. ಕಂಡಕ್ಟರ್ ನಿಲ್ಲಬೇಕಾದದ್ದು ಹಿಂದಿನ ಬಾಗಿಲಲ್ಲಿ. ಅಲ್ಲೇ ಗಟ್ಟಿಯಾಗಿ ನಿಲ್ಲು.

ನಿನ್ನ ಅಪ್ಪ


೨ ಏಪ್ರಿಲ್

ಅಪ್ಪಾ, ಅಪ್ಪಾ, ಅಪ್ಪಾ!

ಎಲ್ಲಿಂದ ಶುರು ಮಾಡಲಿ? ಮೊನ್ನೆ ಸಂಜೆ ಸಾಲಾಗಿ ನಿಂತು ಸೀಟಿಗಳನ್ನೆಲ್ಲ ಸ್ಟೋರಿನ ಬಕೆಟ್ಟಿಗೆ ಹಾಕಿದೆವು. ಸ್ಟೋರಿನವರು "ಏನಿಷ್ಟು ಖುಷಿಯಾಗಿದ್ದೀರಿ?" ಎಂದು ಕೇಳಿದರು. ಏಪ್ರಿಲ್ ಒಂದರ ಬೆಳಗ್ಗೆ ಒಬ್ಬರೂ ತಡ ಮಾಡಲಿಲ್ಲ. ಯೂನಿಫಾರ್ಮಿಗೆ ಇಸ್ತ್ರಿ, ತಲೆಗೆ ಎಣ್ಣೆ, ಎಲ್ಲ ಬಸ್ಸಿನ ಎಂಜಿನ್ ಚಾಲು, ಒಳಗೆ ಜನ ಭರ್ತಿ. ಒಂದು ಬಸ್ಸೂ ಅಲ್ಲಾಡಲಿಲ್ಲ.

"ಯಾಕಮ್ಮಾ, ಹೊರಡಲ್ವಾ?" ಎಂದು ಜನ ಕೇಳಿದರು. "ಸೀಟಿ ಇಲ್ಲ, ವಾಪಸ್ ತಗೊಂಡ್ರು" ಎಂದೆ. "ಬಾಯಲ್ಲೇ ರೈಟ್ ಅನ್ನಿ." "ಅಂದ್ರೆ ನನಗೆ ಮೆಮೊ ಕೊಡ್ತಾರೆ." ಬೈದವರೂ ಇದ್ದರು, ಇಲ್ಲವೆನ್ನುವುದಿಲ್ಲ. ಒಬ್ಬರು ಚಪ್ಪಲಿ ಸದ್ದು ಮಾಡುತ್ತಾ ಇಳಿದು ನಡೆದೇ ಹೋದರು. ದಿನಾ ನನ್ನ ಬಸ್ಸಿಗೆ ಬರುವ ನರ್ಸಮ್ಮ ಮಾತ್ರ ಕಾರಣ ಪೂರ್ತಿ ಕೇಳಿದಳು. ಆಮೇಲೆ ಸೀಟಿನ ಮೇಲೆ ಹತ್ತಿ ನಿಂತು ಎಲ್ಲರಿಗೂ ಹೇಳಿದಳು: "ಇವತ್ತು ಇವರ ಅಪ್ಪನ ಕಾರ್ಡು ಕಿತ್ಕೊಂಡ್ರು. ನಾಳೆ ನಮ್ಮ ಆಸ್ಪತ್ರೆಯವರದ್ದು, ನಾಡಿದ್ದು ನಿಮ್ಮದು. ಒಂದು ದಿನ ತಡ ಆದ್ರೆ ಆಗ್ಲಿ, ಕೂತ್ಕೊಳಿ." ಬಹಳ ಜನ ಕೂತರು.

ಮ್ಯಾನೇಜರ್ ಚಹಾದ ಲೋಟ ಹಿಡಿದೇ ಓಡಿ ಬಂದರು.

"ಏನ್ರೀ ಇದು? ಸ್ಟ್ರೈಕಾ?"

"ಅಲ್ಲ ಸಾರ್, ಡ್ಯೂಟಿ" ಎಂದೆ.

ಅವರು ನಮ್ಮ ಬಸ್ಸಿನ ಮುಂದೆ ನಿಂತು ತಾವೇ "ರೈಟ್!" ಎಂದು ಕೂಗಿದರು. ಹಾರನ್ ಅಣ್ಣ ಕಿವಿಗೆ ಕೈ ಅಡ್ಡ ಹಿಡಿದು, "ಏನಂದ್ರಿ ಸಾರ್?" ಎಂದರು.

"ರೈಟ್! ರೈಟ್!"

"ಲೈಟಾ? ಹಗಲಲ್ವಾ ಸಾರ್, ಲೈಟ್ ಯಾಕೆ?"

ಬಸ್ಸು ಹೋ ಎಂದು ನಕ್ಕಿತು. ಮ್ಯಾನೇಜರ್ ಮುಂದಿನ ಬಸ್ಸಿಗೆ ಹೋದರು, ಅಲ್ಲೂ ಡ್ರೈವರ್ ಕೈ ಕಿವಿಗೆ. ಅದರ ಮುಂದಿನದಕ್ಕೆ ಹೋದರು, ಅಲ್ಲೂ ಅದೇ. ಇಡೀ ಡಿಪೋಕ್ಕೆ ಜಾಣ ಕಿವುಡು ಬಡಿದಿತ್ತು ಅಪ್ಪಾ! ಅವರಿಂದಲೇ ಕಲಿತದ್ದು, ಅವರಿಗೇ ಒಪ್ಪಿಸಿದೆವು.

ಬಕೆಟ್ಟಿನ ಸೀಟಿಗಳನ್ನು ಹಂಚೋಣವೆಂದರೆ ಮೇಲಿನವರು ಹಿಂದಿನ ರಾತ್ರಿಯೇ ಲಾರಿಯಲ್ಲಿ ಸಾಗಿಸಿದ್ದರು. ಕೊನೆಗೆ ಅಂಗಡಿಗೆ ಓಡಿ ಒಂದು ಸೀಟಿ ತಂದರು. ಹಸಿರು ಗಿಳಿಯ ಆಕಾರದ್ದು, ಮಕ್ಕಳದು. ಮ್ಯಾನೇಜರೇ ಊದಿದರು. ರೂಲು ರೂಲೇ, ಸೀಟಿ ಕೇಳಿದ ಕೂಡಲೇ ಹಾರನ್ ಅಣ್ಣ ಬಸ್ಸು ಬಿಟ್ಟರು. ಗೇಟಿನ ಹೊರಗಿನ ಮೊದಲ ಸ್ಟಾಪಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಹೊರಡಲು ಮತ್ತೆ ಸೀಟಿ ಬೇಕಲ್ಲ! ಮ್ಯಾನೇಜರ್ ಗಿಳಿಯನ್ನು ಬಾಯಲ್ಲಿ ಕಚ್ಚಿಕೊಂಡು ರಸ್ತೆಯಲ್ಲಿ ಓಡಿ ಬಂದರು. ಎರಡು ಸ್ಟಾಪು ಓಡಿದರು, ಮೂರನೆಯದಕ್ಕೆ ಫುಟ್‌ಪಾತ್ ಮೇಲೆ ಕೂತುಬಿಟ್ಟರು. ಬಸ್ಸು ತೊಳೆಯುವ ಅಕ್ಕ ನೀರು ತಂದು ಕೊಟ್ಟು, "ಸ್ವಲ್ಪ ಹೊಟ್ಟೆ ಕಟ್ಟಬೇಕು ಸಾರ್, ಆಗ ಓಡೋಕಾಗುತ್ತೆ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಬೇರೆ ಡಿಪೋದವರು ಫೋನ್ ಮಾಡಿ "ಅದೇನು ಹೇಳಿ, ನಮಗೂ ಹೇಳಿ" ಎಂದು ಕೇಳಿದರು. ಇವತ್ತು ಅಲ್ಲೂ ಬಸ್ಸುಗಳು ನಿಂತಿವೆ.

ನನಗೆ ಕೆಲವು ದಿನ ಮನೆಯಲ್ಲಿರಲು ಹೇಳಿದ್ದಾರೆ. ಒಳ್ಳೆಯದೇ ಆಯಿತು, ಪುಟ್ಟಿಗೆ ಜಡೆ ನಿಧಾನವಾಗಿ ಹಾಕುತ್ತಿದ್ದೇನೆ.

ನಿಮ್ಮ ಮಗಳು


೧೧ ಏಪ್ರಿಲ್

ಮಗಳೇ,

ಸಸ್ಪೆಂಡ್ ಮಾಡಿದ್ದಾರೆ ಎಂದು ನೇರವಾಗಿ ಬರೆಯಬಹುದಿತ್ತು. ಅಕ್ಷರ ನೋಡಿ ಹಿಡಿಯಲು ನನಗೂ ಬರುತ್ತದೆ.

ಅದನ್ನು ಓದಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೆಟ್ಟಗೆ ಆಸ್ಪತ್ರೆಗೆ ಹೋದೆ. ಕಿವಿ ಡಾಕ್ಟರಮ್ಮನ ಬಾಗಿಲ ಹೊರಗೆ ಒಂದು ಉದ್ದ ಬೆಂಚು ಇದೆ. ಅಲ್ಲಿ ಕೂತವರನ್ನು ನೋಡುತ್ತಾ ಹೋದೆ. ಎಂಜಿನ್ ಕಡೆಯ ಎಡಗಿವಿ ಬಿಟ್ಟು ಬಲಗಿವಿಯನ್ನು ಮುಂದಕ್ಕೆ ಚಾಚಿ ತಲೆ ಓರೆ ಮಾಡಿ ಕೂತವನು ಯಾವನೇ ಆಗಲಿ, ಅವನು ಹಳೆಯ ಡ್ರೈವರ್ ಎಂದೇ ಲೆಕ್ಕ. ಒಂದು ವಾರದಲ್ಲಿ ಬೆಂಚು ತುಂಬುವಷ್ಟು ಜನ ಸಿಕ್ಕರು. ಎಲ್ಲರ ಕಾರ್ಡೂ ರದ್ದು. ನಮ್ಮ ಮಾತುಕತೆ ನೋಡಬೇಕಿತ್ತು, ಒಬ್ಬ ಕೂಗುತ್ತಾನೆ, ಇನ್ನೊಬ್ಬ ಬೇರೆ ಯಾವುದಕ್ಕೋ ಉತ್ತರ ಕೊಡುತ್ತಾನೆ. ಆದರೂ ಒಂದು ಮಾತು ಎಲ್ಲರಿಗೂ ಅರ್ಥವಾಯಿತು. ನಿನ್ನೆ ಎಲ್ಲರೂ ಸೇರಿ ಈ ಊರಿನಲ್ಲೇ ಇರುವ ನಿಮ್ಮ ಹೆಡ್ ಆಫೀಸಿಗೆ ಹೋದೆವು. ನಿನ್ನ ಅತ್ತೆ ನನಗೆ ಕಂಡಕ್ಟರ್ ಆಗಿ ಬಂದಳು. ಮುಂದೆ ಬರೆಯುವುದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅವಳು ಆಮೇಲೆ ಬರೆದು ತಿಳಿಸಿದ್ದು.

ದೊಡ್ಡ ಸಾಹೇಬರ ಕೋಣೆ ತಂಪಾಗಿತ್ತು. ನಿಮ್ಮ ನೌಕರರ ಸಂಘದವರೂ ಮಾತುಕತೆಗೆಂದು ಅಲ್ಲೇ ಇದ್ದರು, ಎಲ್ಲರ ಮುಖ ಬಾಡಿತ್ತು. ಸಾಹೇಬರದು ಬೆಣ್ಣೆಯಂಥ ಮೆಲುದನಿಯಂತೆ. ಏನೋ ಹೇಳಿದರು. ನಾವೆಲ್ಲ ಒಟ್ಟಿಗೆ ಕೈಯನ್ನು ಕಿವಿಗೆ ಹಿಡಿದು "ಏನಂದ್ರಿ?" ಎಂದೆವು. ನಾವು ನಾಟಕವಾಡಲಿಲ್ಲ ಮಗಳೇ, ನಿಜಕ್ಕೂ ಯಾರಿಗೂ ಕೇಳಿಸಿರಲಿಲ್ಲ. ಅವರು ಸ್ವಲ್ಪ ಜೋರಾಗಿ ಹೇಳಿದರು. "ಏನಂದ್ರಿ?" ಕೊನೆಗೆ ಎದ್ದು ನಿಂತು, ಕತ್ತಿನ ನರ ಉಬ್ಬಿಸಿ ಕೂಗಿದರು: "ನಿಮ್ಮ ಕಿವಿಗೂ ನಿಮ್ಮ ಕೆಲಸಕ್ಕೂ ಸಂಬಂಧ ಇಲ್ಲಾ!"

ನನ್ನ ಪಕ್ಕದ ಮುದುಕ ಬಹಳ ಮರ್ಯಾದೆಯಿಂದ ಹೇಳಿದ: "ಸಂಬಂಧಿಕರು ಯಾರೂ ಬಂದಿಲ್ಲ ಸಾರ್, ನಾವೇ ಬಂದಿದೀವಿ."

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗಿಗೆ ಮೊದಲು ನಗು ಬಂತು. ಆಮೇಲೆ ನಿಮ್ಮ ಸಂಘದವರಿಗೆ. ಆಮೇಲೆ ಬಾಗಿಲಲ್ಲಿದ್ದ ಜವಾನನಿಗೆ. ಸಾಹೇಬರು ನಮ್ಮ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು. ಎಲ್ಲ ತಲೆಗಳೂ ಅವರ ಕಡೆಗೇ ಓರೆಯಾಗಿದ್ದವು. ಅವರು ಮೆಲ್ಲಗೆ ಕೂತರು.

ಆಗ ನಾನು ಎದ್ದೆ. "ಸಾರ್, ನೀವು ಏನು ಹೇಳಿದ್ರೂ ನಂಗೆ ಕೇಳ್ಸಲ್ಲ, ಅದಕ್ಕೆ ನಾನೇ ಹೇಳ್ಬಿಡ್ತೀನಿ. ಡ್ರೈವರ್ ಕಿವಿ ಕೆಡೋದು ಸುಳ್ಳಾದ್ರೆ ಸೀಟಿ ರೂಲು ತೆಗೆದು ಸೈನ್ ಹಾಕಿ, ಬಾಯಲ್ಲಿ ರೈಟ್ ಅಂದ್ರೆ ಸಾಕು ಅಂತ. ನಾಳೆ ಯಾರಾದ್ರೂ ಬಿದ್ರೆ ಆ ಸೈನು ನಿಮ್ಮದೇ. ನಿಜ ಆದ್ರೆ ನಮ್ಮ ಕಾರ್ಡ್ ನಮಗೆ ಕೊಡಿ, ಮಕ್ಕಳ ಸಂಬಳ ಮಕ್ಕಳಿಗೆ ಕೊಡಿ. ಎರಡ್ರಲ್ಲಿ ಒಂದು ಮಾಡಿ, ನಾವು ಇಲ್ಲೇ ಕೂತಿರ್ತೀವಿ."

ಇಷ್ಟುದ್ದ ಮಾತನ್ನು ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ. ಜವಾನನಿಗೆ, ಬೀದಿಯವರಿಗೆ, ಬಹುಶಃ ನಿಮ್ಮೂರಿಗೂ ಕೇಳಿಸಿರಬೇಕು, ಕಿವುಡರ ದನಿ ಅಂಥದ್ದು. ಸಾಹೇಬರು ಪೆನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಸೈನ್ ಹಾಕಲಿಲ್ಲ. ನಾಲ್ಕು ದಿನ ಕೊಡಿ ಎಂದು ಬರೆದು ತೋರಿಸಿದರು.

ನಿನ್ನ ಅತ್ತೆ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ನಿನ್ನ ಅಪ್ಪ


೨೩ ಏಪ್ರಿಲ್

ಅಪ್ಪಾ,

ಗೆದ್ದೆವು!

ಆದೇಶ ವಾಪಸು ಬಂತು. ಸಂಬಳ ಮೊದಲಿನಷ್ಟೇ. ಹೆಚ್ಚು ಹೊತ್ತಿನ ಕೆಲಸಕ್ಕೆ ಮೊದಲಿನ ಹಾಗೇ ದುಡ್ಡು. ರಿಟೈರ್ ಆದವರ ಕಾರ್ಡು, ತಂದೆ ತಾಯಿಯ ಕಾರ್ಡು, ಎರಡೂ ಚಾಲು. ಬೂಟು ಮಾತ್ರ ನಾವೇ ಕೊಳ್ಳಬೇಕಂತೆ. ಹಾಳಾಗಲಿ, ಅವರೂ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ. ನೋಟಿಸನ್ನು ಈ ಸಲವೂ ಹಾರನ್ ಅಣ್ಣನೇ ಓದಿದರು. ಕೊನೆಯ ಸಾಲಿಗೆ ಬರುವಾಗ ಅವರ ದನಿ ಡಿಪೋದ ಆಚೆಯ ರಸ್ತೆಗೆ ಕೇಳಿಸುತ್ತಿತ್ತು. ಓದಿ ಮುಗಿಸಿ ಗೋಡೆಗೆ ತಲೆಯಾನಿಸಿ ಮಗುವಿನ ಹಾಗೆ ಅತ್ತರು.

ನನ್ನನ್ನು ವಾಪಸು ಕರೆದರು. ಇವತ್ತು ಬೆಳಗ್ಗೆ ಸೀಟಿ ಹಂಚಿದರು, ಎಲ್ಲ ಹೊಸವು. ಹೊರಡುವ ಹೊತ್ತಿಗೆ ಯಾರು ಮೊದಲು ಊದಿದರೋ ಗೊತ್ತಿಲ್ಲ, ಒಂದು, ಎರಡು, ಆಮೇಲೆ ಅಷ್ಟೂ ಕಂಡಕ್ಟರುಗಳು ಒಟ್ಟಿಗೆ! ಕಿವಿ ಕಿತ್ತುಹೋಗುವಂಥ ಸದ್ದು. ಡ್ರೈವರುಗಳೆಲ್ಲ ಹಾರನ್ ಒತ್ತಿ ಹಿಡಿದರು. ಬಸ್ಸಿನಲ್ಲಿದ್ದ ಜನ ಚಪ್ಪಾಳೆ ತಟ್ಟಿದರು, ನರ್ಸಮ್ಮ ಎರಡು ಬೆರಳು ಬಾಯಿಗಿಟ್ಟು ನಮ್ಮೆಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದಳು. ಬಸ್ಸು ತೊಳೆಯುವ ಅಕ್ಕ ಪೊರಕೆ ಎತ್ತಿ ತಿರುಗಿಸುತ್ತಿದ್ದಳು. ನನಗೆ ಊದಲು ಆಗಲೇ ಇಲ್ಲ ಅಪ್ಪಾ, ಅಳುವ ಬಾಯಿಂದ ಸೀಟಿ ಬರುವುದಿಲ್ಲ. ಹಾರನ್ ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, ನಾನು ಊದುವವರೆಗೂ ಕಾದು, ಆಮೇಲೆ ಹೊರಟರು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮುಂದಿನ ತಿಂಗಳ ಮೊದಲ ವಾರವೇ ಆಪರೇಷನ್. "ಇನ್ನೂ ತಡ ಆಗಿಲ್ಲ" ಎಂದಳು. ಅದೊಂದು ಮಾತನ್ನು ಅವಳಿಂದ ಮೂರು ಸಲ ಹೇಳಿಸಿಕೊಂಡೆನೆಂದು ನಿಮ್ಮ ಅಳಿಯ ನಗುತ್ತಿದ್ದಾರೆ. ನಾನೂ ಪುಟ್ಟಿಯೂ ಬರುತ್ತೇವೆ. ಬಾಡಿಗೆಯ ಅಂಕಲ್ ಸುದ್ದಿ ಕೇಳಿ ತಾವಾಗಿಯೇ ಬೇರೆ ಕೋಣೆ ಹುಡುಕಿಕೊಂಡರು.

ನಿಮ್ಮ ಮಗಳು


೧೮ ಜೂನ್

ಮಗಳೇ,

ಆಪರೇಷನ್ ಮುಗಿದು ನೀವು ಊರಿಗೆ ಹೊರಟ ಮೇಲೆ ಕಿವಿಯೊಳಗೆ ಹತ್ತಿ ತುಂಬಿಕೊಂಡೇ ಇಷ್ಟು ದಿನ ಕಳೆದೆ. ಸೋಮವಾರ ಒಬ್ಬನೇ ಹೋಗಿದ್ದೆ, ಡಾಕ್ಟರಮ್ಮ ಅದನ್ನು ತೆಗೆದಳು. ನನ್ನ ಬೆನ್ನ ಹಿಂದೆ ಹೋಗಿ ನಿಂತು, ಮೆಲ್ಲಗೆ, "ತಾತ, ಊಟ ಆಯ್ತಾ?" ಎಂದಳು.

"ಆಯ್ತಮ್ಮಾ" ಎಂದೆ.

ಆಮೇಲೆ ಅವಳು ನನ್ನ ಮುಂದೆ ಬಂದು ಕಣ್ಣು ಒರೆಸಿಕೊಂಡಳು. ಪೂರ್ತಿ ಬಂದಿಲ್ಲ, ಎಂಜಿನ್ ತಿಂದದ್ದು ತಿಂದದ್ದೇ. ಆದರೂ ಬಂದಿರುವುದು ಸಾಕು. ಲೋಟ ಇಟ್ಟರೆ ಟಕ್ ಎನ್ನುತ್ತದೆ, ಬಾಗಿಲು ಕಿರ್ ಎನ್ನುತ್ತದೆ. ನನ್ನ ಚಪ್ಪಲಿಗೂ ಸದ್ದಿದೆ ಎಂದು ಮರೆತೇ ಹೋಗಿತ್ತು.

ಈಗ ಒಂದು ಗುಟ್ಟು. ಅತ್ತೆಗೆ ನಾನಿನ್ನೂ ಹೇಳಿಲ್ಲ. ಆಸ್ಪತ್ರೆಯಿಂದ ಬಂದು ಹೇಳೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಒಲೆಯ ಮುಂದೆ ನಿಂತು ಮಾತಾಡುತ್ತಿದ್ದಳು. ಇಷ್ಟು ತಿಂಗಳು ಬೈಗುಳವೆಂದು ತಿಳಿದಿದ್ದೆನಲ್ಲ, ಬೈಗುಳ ಅದರಲ್ಲಿ ಕಾಲು ಪಾಲೂ ಇಲ್ಲ. ಅವಳು ನನಗೆ ಕಥೆ ಹೇಳುತ್ತಾಳೆ, ಮಗಳೇ. ತೀರಿಹೋದ ತನ್ನ ಗಂಡನದು, ನಾವಿಬ್ಬರೂ ಚಿಕ್ಕವರಿದ್ದಾಗಿನದು, ಅವಳಿಗೆ ಮೊನ್ನೆ ಬಿದ್ದ ಕನಸಿನದು. ನನಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ದಿನಾ ಹೇಳುತ್ತಾ ಬಂದಿದ್ದಾಳೆ. ನಿನ್ನೆ ಪಕ್ಕದ ಮನೆಯವಳ ಹತ್ತಿರ, ನಾನು ಅಲ್ಲೇ ಕೂತಿರುವಾಗಲೇ ಹೇಳಿದಳು: "ಕಿವಿ ಬಂದ ತಕ್ಷಣ ಹೊರಟುಬಿಡ್ತಾನೆ ನೋಡು. ಬರದೇ ಇರ್ಲಿ ಅಂತ ಒಂದೊಂದ್ಸಲ ಅನ್ಸುತ್ತೆ, ಎಂಥ ಪಾಪಿ ನಾನು. ಅವನು ಬಂದ್ಮೇಲೆ ಮನೇಲಿ ಮಾತು ಶುರುವಾಯ್ತು."

ನಾನು ಮುಖ ಗೋಡೆಯ ಕಡೆ ತಿರುಗಿಸಿ ಕೂತೆ.

ಬರುತ್ತೇನೆ, ಬಾರದೆ ಎಲ್ಲಿಗೆ ಹೋಗುತ್ತೇನೆ. ಬರುವಾಗ ಅವಳನ್ನೂ ಕರೆದುಕೊಂಡೇ ಬರುತ್ತೇನೆ, ಕೋಣೆ ಹೇಗೂ ಖಾಲಿಯಾಗಿದೆಯಲ್ಲ, ಅದು ಅವಳಿಗಿರಲಿ. ಆದರೆ ಇನ್ನೂ ಕೆಲವು ದಿನ ಬಿಟ್ಟು. ಕೇಳಿಸುತ್ತದೆಂದು ಗೊತ್ತಾದರೆ ನಾಚಿಕೊಂಡು ಬಾಯಿ ಮುಚ್ಚುತ್ತಾಳೆ. ಅವಳೀಗ ನಮ್ಮಮ್ಮನ ಕಥೆಯ ಮಧ್ಯದಲ್ಲಿದ್ದಾಳೆ, ನನಗೆ ಗೊತ್ತೇ ಇಲ್ಲದ ಎಷ್ಟೋ ಸಂಗತಿಗಳು ಅದರಲ್ಲಿವೆ. ಅದು ಮುಗಿಯುವವರೆಗೆ ನಾನು ಕಿವುಡ.

ನಿನ್ನ ಅಪ್ಪ